ಐರ್ಲೆಂಡಿನ ದುಂಡು ಮಣ್ಣೇರಿಗಳು
ಪ್ರಶ್ನೆ: ಐರ್ಲೆಂಡಿನ ಹೊಲಗಳಲ್ಲಿ ಕಾಣುವ ವೃತ್ತಾಕಾರದ ಮಣ್ಣಿನ ಏರಿಗಳು ಕೋಟೆಗಳೇ? ಅವುಗಳಿಗೆ ರಕ್ಷಣೆ ಇದೆಯೇ?

ಉತ್ತರ: ‘ರಾತ್’ ಎನ್ನಲಾಗುವ ಇವು ಸೈನ್ಯದ ಕೋಟೆಗಳಲ್ಲ, ಬಹುಪಾಲು ಕ್ರಿ.ಶ. 600ರಿಂದ 900ರ ನಡುವೆ, ದನಗಳನ್ನೇ ಸಂಪತ್ತೆಂದು ಎಣಿಸುತ್ತಿದ್ದ ರೈತ ಕುಟುಂಬಗಳು ಸುತ್ತ ಕಂದಕ ತೋಡಿ, ಅದೇ ಮಣ್ಣನ್ನು ಒಳಬದಿಗೆ ಏರಿಯಾಗಿ ಪೇರಿಸಿ, ನಡುವಿನ ಅಂಗಳದಲ್ಲಿ ಮನೆ ಕಟ್ಟಿಕೊಂಡ ವಾಸದ ನೆಲೆಗಳು. ದ್ವೀಪದಾದ್ಯಂತ ಇಂಥ ಸುಮಾರು 45,000 ತಾಣಗಳನ್ನು ಗುರುತಿಸಲಾಗಿದೆ. ಇವು ಯಕ್ಷಿಣಿಯರ ನೆಲೆಯೆಂಬ ಜನಪದ ನಂಬಿಕೆಯು ನೇಗಿಲನ್ನು ಬಹುಕಾಲ ದೂರವಿರಿಸಿತಾದರೂ, ಯಂತ್ರಗಳ ಬೇಸಾಯವು ಅನೇಕ ರಾತ್‌ಗಳನ್ನು ನೆಲಸಮಗೊಳಿಸಿತು. ಐರ್ಲೆಂಡ್ ಗಣರಾಜ್ಯದಲ್ಲಿ 1930ರ ರಾಷ್ಟ್ರೀಯ ಸ್ಮಾರಕ ಕಾಯ್ದೆಯಿಂದ ಕಾನೂನಿನ ರಕ್ಷಣೆ ಆರಂಭವಾಗಿ, 1994ರ ತಿದ್ದುಪಡಿಯು ದಾಖಲಿತ ತಾಣದಲ್ಲಿ ಕೆಲಸ ಕೈಗೊಳ್ಳುವವರು ಎರಡು ತಿಂಗಳ ಮುಂಚಿತ ಲಿಖಿತ ಸೂಚನೆ ನೀಡುವುದನ್ನು ಕಡ್ಡಾಯಗೊಳಿಸಿತು. ಸಾಮಾನ್ಯ ರೈತರ ಬದುಕಿನ ಇಷ್ಟು ವಿಸ್ತಾರವಾದ ಸಾಕ್ಷ್ಯ ಅಪರೂಪವಾದ್ದರಿಂದ ಈ ರಕ್ಷಣೆ ಅತ್ಯಗತ್ಯ.