ಏದುಸಿರಿಗೆ ಎಷ್ಟು ಗಾಳಿ ಬೇಕು?

ನೇತ್ರಾಣಿಯಲ್ಲಿ ಮೊದಲ ಬಾರಿ ಡೈವ್ ಮಾಡಿ ಬಂದ ಭಟ್ಕಳದ ಓದುಗರೊಬ್ಬರು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. ಅವರು ನೋಡಿದ ವಿಡಿಯೊ ಒಂದರಲ್ಲಿ ವಿದೇಶಿ ಡೈವರ್ ಒಂದೇ ಒಂದು ಗುಳ್ಳೆ ಬಿಡದೆ ನೀರೊಳಗಿನ ಗುಹೆಯಲ್ಲಿ ಸಾಗುತ್ತಿದ್ದನಂತೆ. ಬೆನ್ನ ಮೇಲಿನ ಯಂತ್ರದಲ್ಲಿ ಎರಡೇ ಎರಡು ಪುಟ್ಟ ಸಿಲಿಂಡರ್. ಆದರೆ ಎಡ ಬಲ ಪಕ್ಕೆಗಳಲ್ಲಿ ಒಂದೊಂದು ದೊಡ್ಡ ಸಿಲಿಂಡರ್ ಕಟ್ಟಿಕೊಂಡಿದ್ದ. ಕೊನೆಯವರೆಗೂ ಅವನ್ನು ಮುಟ್ಟಲೇ ಇಲ್ಲ. ‘ಪುಟ್ಟದೇ ಸಾಕಾಗುವಾಗ ದೊಡ್ಡದನ್ನು ಹೊತ್ತು ತಿರುಗುವ ಕರ್ಮವೇಕೆ?’ ಎಂದು ಕೇಳಿದ್ದಾರೆ.

ಬೆನ್ನ ಮೇಲಿದ್ದದ್ದು ರೀಬ್ರೀದರ್. ಪಕ್ಕೆಯಲ್ಲಿದ್ದದ್ದು ಬೇಲ್‌ಔಟ್, ಅಂದರೆ ಯಂತ್ರ ಕೈಕೊಟ್ಟರೆ ನೀರಿನ ಮೇಲೆ ಬರುವ ತನಕ ಉಸಿರಾಡಲು ಇಟ್ಟುಕೊಂಡ ಗ್ಯಾಸ್. ಅದು ಎಷ್ಟಿರಬೇಕು, ಎಂಥದ್ದಿರಬೇಕು ಎಂದು ಲೆಕ್ಕ ಹಾಕಲು ಹೊರಟರೆ ನಮ್ಮ ಮೈಯೊಳಗಿನ ಒಂದು ವಿಚಿತ್ರ ಏರ್ಪಾಡು ಎದುರಾಗುತ್ತದೆ.

ಅದಕ್ಕೂ ಮೊದಲು ಪತ್ರಿಕೆಯವರ ಮೇಲೆ ಒಂದು ತಕರಾರು. ‘ಮುಳುಗುತಜ್ಞರು ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದರು’ ಎಂಬ ಸಾಲು ಎಷ್ಟು ಬಾರಿ ಓದಿಲ್ಲ! ನೇತ್ರಾಣಿಯಲ್ಲಿ ಪ್ರವಾಸಿಗರ ಬೆನ್ನಿಗೆ ಕಟ್ಟುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದು ನರಗಳಿಗೆ ವಿಷವಾಗಬಹುದು, ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಮುಂದಿನದ್ದು ಹೇಳಬೇಕಾಗಿಲ್ಲ.

ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಹೊರಬಿಡುವಾಗಲೂ ಶೇ. 16–17 ಉಳಿದಿರುತ್ತದೆ. ಸಾದಾ ಡೈವರ್ ಅದನ್ನೆಲ್ಲ ಗುಳ್ಳೆ ಮಾಡಿ ಚೆಲ್ಲುತ್ತಾನೆ. ರೀಬ್ರೀದರ್ ಚೆಲ್ಲುವುದಿಲ್ಲ. ಬಿಟ್ಟ ಉಸಿರನ್ನು ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಇಂಗಾಲದ ಡೈಆಕ್ಸೈಡನ್ನು ಹೀರಿಸಿ, ಖರ್ಚಾದಷ್ಟು ಆಮ್ಲಜನಕವನ್ನು ಮಾತ್ರ ಸೇರಿಸಿ ಮತ್ತೆ ಬಾಯಿಗೆ ಕೊಡುತ್ತದೆ. ಈ ಸೋಡಾ ಲೈಮಿನ ಬಹುಪಾಲು ನಮ್ಮ ಎಲೆ-ಅಡಿಕೆಯ ಸುಣ್ಣವೇ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಅದು ಹಾಲಿನಂತಾಗುವುದನ್ನು ಶಾಲೆಯಲ್ಲಿ ನೋಡಿದ್ದೀರಲ್ಲ, ಡಬ್ಬಿಯೊಳಗೆ ನಡೆಯುವುದೂ ಅದೇ ಕ್ರಿಯೆ. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲಿ ಇಂಥ ಉಪಕರಣ ತಯಾರಿಸಿದ. ಎರಡು ವರ್ಷದ ನಂತರ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಡೈವರ್ ಅದನ್ನೇ ತೊಟ್ಟು, ನೀರು ನುಗ್ಗಿದ್ದ ಸೆವರ್ನ್ ರೈಲು ಸುರಂಗದ ಗವ್ವೆನ್ನುವ ಕತ್ತಲಲ್ಲಿ ನಡೆದು ಹೋಗಿ ಕಬ್ಬಿಣದ ಬಾಗಿಲು ಮುಚ್ಚಿ ಬಂದ.

ಮೈಗೆ ಕೆಲಸವಿದ್ದಾಗ ನಾವು ಸುಡುವುದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಆಮ್ಲಜನಕ. ದಡದಲ್ಲಿದ್ದರೂ ಅಷ್ಟೇ, 40 ಮೀಟರ್ ಆಳದಲ್ಲಿದ್ದರೂ ಅಷ್ಟೇ. 3 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ 600 ಲೀಟರ್; ಲೆಕ್ಕದ ಪ್ರಕಾರ ಹತ್ತು ಗಂಟೆಗೆ ಸಾಕು. ಅದಕ್ಕೆ ಎಷ್ಟೋ ಮೊದಲೇ ಸುಣ್ಣ ಸೋತುಹೋಗುತ್ತದೆ, ಆ ಮಾತು ಬೇರೆ. ಬೇಲ್‌ಔಟಿಗೆ ಬಾಯಿ ಹಾಕಿದ ಕೂಡಲೇ ಈ ಐಶ್ವರ್ಯವೆಲ್ಲ ಮಾಯ. 40 ಮೀಟರಿನಲ್ಲಿ ಒತ್ತಡ ಮೇಲಿನದರ ಐದು ಪಟ್ಟು. ಹಾಗಾಗಿ ಪ್ರತಿ ಉಸಿರಿಗೂ ಐದು ಪಟ್ಟು ಗ್ಯಾಸ್ ಖರ್ಚು.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಆದರೆ ನಿಮಿಷಕ್ಕೆ ಎಷ್ಟು ಉಸಿರಾಡುತ್ತೇವೆ ಎಂಬುದನ್ನು ನಿರ್ಧರಿಸುವವರು ಯಾರು? ‘ಆಮ್ಲಜನಕ ಕಡಿಮೆಯಾದರೆ ಉಸಿರುಗಟ್ಟುತ್ತದೆ’ ಎಂದು ಓದಿದವರೂ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿ ಮೂಲೆ ಸೇರಿದ್ದರೆ ತೆಗೆಯಿರಿ. ಆರೋಗ್ಯವಂತರು ಕುರ್ಚಿಯಲ್ಲಿ ಕೂತು, ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು, ಮಾಮೂಲಿ ಉಸಿರು ತೆಗೆದುಕೊಂಡು ಮೂಗು ಹಿಡಿಯಿರಿ. ನಾನು ಹಿಡಿದಾಗ ಎದೆ ಒದ್ದಾಡಿ, ಗಂಟಲು ತಾನಾಗಿ ನುಂಗಲು ಶುರುಮಾಡಿ, ಇನ್ನು ಆಗದು ಎನಿಸಿದ ಹೊತ್ತಿಗೂ ಪರದೆಯ ಮೇಲೆ 97 ಅಲ್ಲಾಡದೆ ನಿಂತಿತ್ತು. ಕೈಬಿಟ್ಟ ಮೇಲೂ ತುಸು ಹೊತ್ತು ಕಾದು ನೋಡಿದೆ, ಆ ಯಂತ್ರ ಒಂದಿಷ್ಟು ತಡವಾಗಿ ತೋರಿಸುತ್ತದಲ್ಲ; ಆಗಲೂ ಹೇಳಿಕೊಳ್ಳುವಂಥ ಇಳಿಕೆಯಿಲ್ಲ. ಒದ್ದಾಡಿಸಿದ್ದು ಒಳಗೆ ಜಮೆಯಾದ ಇಂಗಾಲದ ಡೈಆಕ್ಸೈಡ್. ಅದು ರಕ್ತದಲ್ಲಿ ಕರಗಿ ಆಮ್ಲವಾಗುತ್ತದೆ. ಮಿದುಳಿನ ಬುಡದಲ್ಲಿರುವ ಕೋಶಗಳು ಆ ಹುಳಿಯನ್ನು ಗುರುತಿಸಿ ‘ಉಸಿರಾಡು’ ಎಂದು ಚಾಟಿ ಬೀಸುತ್ತವೆ. ಆಮ್ಲಜನಕ ಇಳಿಯುವಾಗ ಇಂಥ ಜೋರು ಕೂಗು ಕೇಳುವುದಿಲ್ಲ. ಸುಮ್ಮನೆ ಎಚ್ಚರ ತಪ್ಪುತ್ತದೆ.

ನಮ್ಮ ಊರುಗಳಲ್ಲಿ ಬಾವಿ, ಮಡು, ಕೆರೆಗಳಲ್ಲಿ ಈಜು ಬಲ್ಲ ಹುಡುಗರೇ ಸಾಯುವುದಕ್ಕೆ ಇದೂ ಒಂದು ಕಾರಣ. ಹೆಚ್ಚು ಹೊತ್ತು ಮುಳುಗಿರಬೇಕೆಂಬ ಪಂದ್ಯದಲ್ಲಿ ಮೊದಲು ಹತ್ತಾರು ಬಾರಿ ಜೋರಾಗಿ ಉಸಿರಾಡುತ್ತಾರೆ. ಇದರಿಂದ ರಕ್ತದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿದುಹೋಗುತ್ತದೆ. ಚಾಟಿ ಬೀಸುವವರೇ ಇಲ್ಲದೆ ಹುಡುಗ ತಳದಲ್ಲಿ ಆರಾಮಾಗಿದ್ದು, ಆರಾಮಾಗಿಯೇ ಪ್ರಜ್ಞೆ ತಪ್ಪುತ್ತಾನೆ. ಊರವರು ‘ಈ ಮಡು ವರ್ಷಕ್ಕೊಂದು ಬಲಿ ಕೇಳುತ್ತದೆ’ ಎಂದು ಕುರಿ ಕಡಿಯುತ್ತಾರೆ. ಕುರಿಯ ದುಡ್ಡಿನಲ್ಲಿ ಒಂದು ಉದ್ದ ಹಗ್ಗ, ಒಂದು ಗಾಳಿ ತುಂಬಿದ ಟ್ಯೂಬ್ ತಂದು ದಡದಲ್ಲಿಟ್ಟರೆ ಮುಂದಿನ ಹುಡುಗನಾದರೂ ಉಳಿಯಬಹುದು.

ರೀಬ್ರೀದರಿನಲ್ಲಿ ಈ ಎರಡೂ ಅಪಾಯಗಳಿವೆ. ಆಮ್ಲಜನಕ ಬರುವುದು ನಿಂತರೆ ಡೈವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಮೂರು ಸೆನ್ಸರ್‌ಗಳನ್ನು ಕಾವಲಿಗಿಟ್ಟಿರುತ್ತಾರೆ. ಬೇಗ ಕಂಡುಹಿಡಿದರೆ ಆತ ಶಾಂತವಾಗಿಯೇ ಬೇಲ್‌ಔಟಿಗೆ ಬದಲಾಗಬಲ್ಲ. ಸುಣ್ಣ ಸೋತರೆ, ಡಬ್ಬಿಯನ್ನು ಸಡಿಲವಾಗಿ ತುಂಬಿದ್ದರೆ, ಉಸಿರು ಹಿಂದಕ್ಕೆ ಬಾರದಂತೆ ತಡೆಯುವ ತೆಳು ರಬ್ಬರಿನ ವಾಲ್ವ್ ಮಡಚಿಕೊಂಡಿದ್ದರೆ ಕಥೆಯೇ ಬೇರೆ. ಆಗ ಇಂಗಾಲದ ಡೈಆಕ್ಸೈಡ್ ಏರಿ ಏದುಸಿರು ಹತ್ತುತ್ತದೆ. ಬಾಯಿಯ ಕೊಳವೆಯನ್ನು ಅರೆಕ್ಷಣ ತೆಗೆದು ಇನ್ನೊಂದನ್ನು ಕಚ್ಚುವಷ್ಟೂ ತಾಳ್ಮೆ ಉಳಿಯುವುದಿಲ್ಲ. ಒಳ್ಳೆಯ ಗ್ಯಾಸ್ ಸಿಕ್ಕ ಮೇಲೂ ಆ ದಾಹ ತಣಿಯಲು ಕೆಲವು ನಿಮಿಷ ಬೇಕು.

ಬೇಲ್‌ಔಟ್ ಅಳೆಯಬೇಕಾದದ್ದು ಈ ಉಸಿರಿನಲ್ಲಿ. ನೆಮ್ಮದಿಯ ಡೈವರ್ ನಿಮಿಷಕ್ಕೆ 15–20 ಲೀಟರ್ ಉಸಿರಾಡುತ್ತಾನೆ. ಏದುಸಿರಿನವನಿಗೆ 50 ಎಂದಿಟ್ಟುಕೊಳ್ಳಿ. 40 ಮೀಟರಿನಲ್ಲಿ ಅದು ನಿಮಿಷಕ್ಕೆ 250 ಲೀಟರ್. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ 2,200 ಲೀಟರ್ ಹಿಡಿಯುತ್ತದೆ. ಅಲ್ಲೇ ನಿಂತರೆ ಒಂಬತ್ತು ನಿಮಿಷವೂ ಬಾರದು. ಅಷ್ಟರಲ್ಲಿ ಉಸಿರು ಹತೋಟಿಗೆ ಬರಬೇಕು, ಮೇಲೇರಬೇಕು, ದಾರಿಯಲ್ಲಿ ಡಿಕಂಪ್ರೆಷನ್‌ಗಾಗಿ, ಅಂದರೆ ಮೈಯಲ್ಲಿ ಕರಗಿದ ಗ್ಯಾಸ್ ನಿಧಾನವಾಗಿ ಹೊರಹೋಗಲೆಂದು, ನಿಲ್ಲಬೇಕು. ಇನ್ನೂ ಆಳವಾದರೆ, ಗುಹೆಯಾದರೆ, ಒಂದು ಸಿಲಿಂಡರ್ ಎರಡಾಗುತ್ತದೆ, ಮೂರಾಗುತ್ತದೆ.

ಇಲ್ಲೊಂದು ಮೋಸದ ಅನುಕೂಲವಿದೆ. ಕೊಳವೆ ಬದಲಿಸುವ ಕಷ್ಟ ತಪ್ಪಿಸಲೆಂದೇ ಬೇಲ್‌ಔಟ್ ವಾಲ್ವ್ ಎಂಬುದೊಂದು ಬಂದಿದೆ: ಬಾಯಿಯಲ್ಲಿದ್ದ ಕೊಳವೆ ಬಾಯಲ್ಲೇ ಇರುತ್ತದೆ, ಹಿಡಿ ತಿರುಗಿಸಿದರೆ ಸಿಲಿಂಡರಿನ ಗ್ಯಾಸ್ ಬರುತ್ತದೆ. ಆದರೆ ಯಾವ ಸಿಲಿಂಡರಿನದು? ಹಲವರು ಅದನ್ನು ಬೆನ್ನ ಮೇಲಿನ ಎರಡು ಪುಟ್ಟ ಸಿಲಿಂಡರುಗಳಲ್ಲಿ ಆಮ್ಲಜನಕದ್ದಲ್ಲದ, 3 ಲೀಟರಿನ ಇನ್ನೊಂದಕ್ಕೆ ಜೋಡಿಸಿರುತ್ತಾರೆ. ಅದು ಭರ್ತಿ ಇದ್ದರೂ 600 ಲೀಟರ್. ಮೇಲಿನ ಲೆಕ್ಕದಲ್ಲಿ ಎರಡೂವರೆ ನಿಮಿಷಕ್ಕೂ ಸಾಲದು. ದಾಹ ತಣಿಯುವ ಮೊದಲೇ ಕೊಡ ಬರಿದು. ಪಕ್ಕೆಯ ದೊಡ್ಡ ಸಿಲಿಂಡರಿನಿಂದಲೇ ಕೊಳವೆ ಎಳೆದು ಈ ವಾಲ್ವಿಗೆ ಕೊಡುವುದು ಬುದ್ಧಿವಂತಿಕೆ.

ಯಾವ ಗ್ಯಾಸ್ ಎಂಬುದೂ ಅಷ್ಟೇ ಮುಖ್ಯ. ಆಳದಲ್ಲಿ ಗಾಳಿ ಅಮಲೇರಿಸುವುದಲ್ಲದೆ ದಟ್ಟವೂ ಆಗುತ್ತದೆ. ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ಗ್ರಾಂ ದಾಟಲೇಬಾರದು ಎಂಬುದು ತಜ್ಞರ ಸಲಹೆ. 40 ಮೀಟರಿನಲ್ಲಿ ಸಾದಾ ಗಾಳಿ ಸುಮಾರು 6.4 ಗ್ರಾಂ. ಅಷ್ಟು ದಟ್ಟವಾದದ್ದನ್ನು ಏದುಸಿರಿನಲ್ಲಿ ಎಳೆದರೆ ಎಳೆಯುವ ಶ್ರಮವೇ ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಬುಷ್‌ಮನ್ಸ್ ಹೋಲ್‌ನಲ್ಲಿ ಡೇವಿಡ್ ಶಾ ಸತ್ತದ್ದು ಇದೇ ಸುಳಿಗೆ ಸಿಕ್ಕಿ. ಸುಮಾರು 270 ಮೀಟರ್ ಆಳದಲ್ಲಿ, ಹತ್ತು ವರ್ಷ ಹಿಂದೆ ಅಲ್ಲಿ ಮಡಿದಿದ್ದ ಡೈವರ್ ಒಬ್ಬನ ಶವ ತರಲು ಹೆಣಗುತ್ತಿದ್ದ ಅವರ ಉಸಿರು ಏರುತ್ತ ಹೋದದ್ದು ಅವರದೇ ಕ್ಯಾಮೆರಾದಲ್ಲಿ ದಾಖಲಾಗಿದೆ. ಅದಕ್ಕೇ ಆಳದ ಬೇಲ್‌ಔಟಿಗೆ ಹೀಲಿಯಂ ಬೆರೆಸುತ್ತಾರೆ. ಆಮ್ಲಜನಕ ಶೇ. 21, ಹೀಲಿಯಂ ಶೇ. 35, ಉಳಿದದ್ದು ಸಾರಜನಕ ಎಂದಾದರೆ 40 ಮೀಟರಿನಲ್ಲೂ ಸಾಂದ್ರತೆ 4.6 ಗ್ರಾಂ ಆಸುಪಾಸು. ಶುದ್ಧ ಆಮ್ಲಜನಕದ ಸಿಲಿಂಡರ್ ಒಯ್ಯುವವರೂ ಇದ್ದಾರೆ. ಅದು ಬರೀ 6 ಮೀಟರಿನ ಕೊನೆಯ ನಿಲುಗಡೆಗೆ. ಗಾಬರಿಯಲ್ಲಿ ತಪ್ಪಿ ಬಾಯಿಗಿಡದಂತೆ ಸಿಲಿಂಡರಿನ ಮೇಲೆ ಆಳವನ್ನು ದಪ್ಪ ಅಂಕೆಯಲ್ಲಿ ಬರೆದಿರುತ್ತಾರೆ.

ಉದ್ದದ ಗುಹೆಗಳಿಗೆ ಹೋಗುವವರು ಎರಡನೇ ರೀಬ್ರೀದರನ್ನೇ ಬೇಲ್‌ಔಟಾಗಿ ಒಯ್ಯುವುದುಂಟು. ಅವರೂ ಮೊದಲ ಕೆಲವು ನಿಮಿಷದ ಏದುಸಿರಿಗೆಂದು ಒಂದು ಸಾದಾ ಸಿಲಿಂಡರ್ ಬಿಡುವುದಿಲ್ಲ. ಇನ್ನು ಕೆಲವರು ಮೂವರ ತಂಡದಲ್ಲಿ ಒಂದೂವರೆ ಜನಕ್ಕಾಗುವಷ್ಟು ಗ್ಯಾಸನ್ನು ಹಂಚಿಕೊಂಡು ಹೊರುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ನಿಮಿಷಕ್ಕೆ 250 ಲೀಟರ್ ಎಳೆಯುತ್ತಿರುವವನು ಕೆಸರು ಕದಡಿದ ನೀರಿನಲ್ಲಿ ಗೆಳೆಯನನ್ನು ಹುಡುಕಿ, ಅವನ ಪಕ್ಕೆಯ ಸಿಲಿಂಡರ್ ಕಳಚಿಸಿಕೊಳ್ಳುತ್ತಾನೆ ಎಂದು ನಾನಂತೂ ನಂಬಲಾರೆ. ತನ್ನ ಏದುಸಿರಿನ ಪಾಲನ್ನು ತಾನೇ ಹೊರುವುದು ಮೇಲು, ಭಾರವಾದರೂ.