ಅರಣ್ಯಪಾಲನೆಯು ವೃತ್ತಿಯಾದ ಬಗೆ

ಪರಿಸರಪಾಲನೆಯನ್ನು ಹೊಸ ಉದ್ಯೋಗವೆಂದು ಬಗೆಯುವುದು ಇಂದಿನ ವಾಡಿಕೆ. ನಮ್ಮ ದೇಶದಲ್ಲಿ ಅದರ ಮೊದಲಿಗರಲ್ಲಿ ಹಲವರು ವೈದ್ಯರೆಂಬುದು ಸ್ವಾರಸ್ಯಕರವಾದ ಸಂಗತಿ. ಮೈಸೂರು ಸಂಸ್ಥಾನದ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನನು, ಕಾಡು ಅಳಿದರೆ ಹವೆಯೂ ಕೆಡುವುದೇ ಎಂಬ ಪ್ರಶ್ನೆಯನ್ನು ಸಂಗಡಿಗರೊಡನೆ ವಿಚಾರಿಸಿ, 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ವರದಿಯನ್ನೊಪ್ಪಿಸಿದನು. 1856ರಲ್ಲಿ ಮದರಾಸು ಸರ್ಕಾರವು ಅವನನ್ನೇ ಅರಣ್ಯಸಂರಕ್ಷಕನನ್ನಾಗಿ ನೇಮಿಸಿತು. 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆಯು ಸ್ಥಾಪಿತವಾಗಿ, ಇದು ಶಿಕ್ಷಣ ಪಡೆದು ಸೇರುವ ವೃತ್ತಿಯಾಯಿತು.

ಆದರೆ ರೈಲುಮಾರ್ಗಗಳಿಗಾಗಿ ಅಸಂಖ್ಯ ಮರಗಳು ಉರುಳುತ್ತಿದ್ದ ಆ ಕಾಲದಲ್ಲಿಯೇ ನಿರ್ಬಂಧದ ಭಾರವು ಮಲೆನಾಡಿನ ಕುಮರಿ ಬೇಸಾಯಗಾರರ ಮೇಲೆ ಬಿದ್ದಿತು. ಇತಿಹಾಸದ ವಿದ್ಯಾರ್ಥಿಯು ಮರೆಯಲಾಗದ ಅಂಶವಿದು. ಅರಣ್ಯವಾಸಿಗಳಿಗಾದುದು ಐತಿಹಾಸಿಕ ಅನ್ಯಾಯವೆಂದು 2006ರ ಅರಣ್ಯಹಕ್ಕು ಕಾಯಿದೆಯ ಪೀಠಿಕೆಯೇ ಒಪ್ಪಿದೆ. ಆ ಹಕ್ಕುಗಳನ್ನು ತೀರ್ಮಾನಿಸುವ ಜಿಲ್ಲಾ ಸಮಿತಿಯಲ್ಲಿ ಅರಣ್ಯಾಧಿಕಾರಿಯೂ ಒಬ್ಬ ಸದಸ್ಯನು.