‘ನನ್ನ ಕೈಗೆ ಮಾತ್ರ ಸೊರ ಬಿಡೋದು’

ಚಿಕಿತ್ಸೆಗೆ ಹೋದ ಹಳ್ಳಿಗಳಲ್ಲೆಲ್ಲ ಈ ಮಾತು ಕೇಳುತ್ತೇನೆ: “ಇದು ನನ್ನ ಕೈಗೆ ಮಾತ್ರ ಸೊರ ಬಿಡೋದು ಡಾಕ್ಟ್ರೇ, ಬೇರೆಯವರು ಕೂತ್ರೆ ಒದೆಯುತ್ತೆ.” ಹೇಳುವಾಗ ಮುಖದಲ್ಲಿ ಹೆಮ್ಮೆ ಇರುತ್ತದೆ. ಮಾತು ಮುಂದುವರಿದರೆ ಬೇರೆಯದೂ ಹೊರಬರುತ್ತದೆ. ಮದುವೆಗೆ ಹೋದವರು ಧಾರೆ ಮುಗಿದ ಕೂಡಲೇ ಊಟ ಬಿಟ್ಟು ಬಸ್ಸು ಹಿಡಿದದ್ದು, ಮೈ ಸುಡುವ ಜ್ವರದಲ್ಲೂ ಬೆಳಗಿನ ಐದಕ್ಕೆ ಕೊಟ್ಟಿಗೆಗೆ ಇಳಿದದ್ದು, ತವರಿನಲ್ಲಿ ಒಂದು ರಾತ್ರಿ ಉಳಿದು ನಾಲ್ಕು ವರ್ಷವಾದದ್ದು.

ಹಸು ಹೀಗೇಕೆ ಮಾಡುತ್ತದೆ? ಕೆಚ್ಚಲು ತೊಳೆದು ಒರೆಸಿದಾಗ ಅದರ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಒಂದು ನಿಮಿಷದ ಆಸುಪಾಸಿನಲ್ಲಿ ಕೆಚ್ಚಲು ತಲುಪಿ ಹಾಲನ್ನು ಕೆಳಗಿಳಿಸುತ್ತದೆ. ಸೊರ ಬಿಡುವುದು ಎಂದರೆ ಇದೇ. ಇದರ ಜೋರು ಏಳೆಂಟು ನಿಮಿಷ ಮಾತ್ರ, ಅಷ್ಟರಲ್ಲಿ ಕರೆದು ಮುಗಿಸಬೇಕು. ಹೊಸ ಮುಖ, ಕೂಗಾಟ, ನಾಯಿ, ಪೆಟ್ಟು, ಯಾವುದಕ್ಕೆ ಬೆದರಿದರೂ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ನುಗ್ಗಿ ಕೆಚ್ಚಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಆಗ ಹಾಲಿದ್ದೂ ಇಳಿಯುವುದಿಲ್ಲ. ‘ಹಾಲು ಕದ್ದಿಟ್ಟಿತು’ ಎಂದು ಬೈಯುವುದು ಸುಳ್ಳು ಆಪಾದನೆ, ಅದು ಬೇಕೆಂದು ಮಾಡುವುದಲ್ಲ. (ಹಾಲಿಳಿಸಲು ಇಂಜೆಕ್ಷನ್ ಕೊಡುವವರಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅದು ಅಪರಾಧ.)

ಅದೇ ಅಡ್ರಿನಲಿನ್ ನಿಮ್ಮ ಮೈಯಲ್ಲೂ ಇದೆ. ಹಸು ಕರು ಹಾಕುವ ರಾತ್ರಿ ನಿದ್ದೆಗೆಟ್ಟು ಓಡಾಡಲು ಶಕ್ತಿ ಕೊಡುವುದು ಅದೇ. ಹಾಗಾಗಿ ಒತ್ತಡ ಎಂದರೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮರುದಿನ ಚೆನ್ನಾಗಿ ಮಲಗಿದರೆ ಮೈ ಸರಿಹೋಗುತ್ತದೆ. ತೊಂದರೆ ಇರುವುದು ಮಲಗಲು ಆ ಮರುದಿನವೇ ಸಿಗದಿರುವಲ್ಲಿ. ಹುಲ್ಲು, ಸಗಣಿ, ಅಡುಗೆ, ಡೇರಿ, ಮತ್ತೆ ಸಂಜೆ ಹಾಲು ಕರೆಯುವುದು. ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬೇಕು ಎಂದು ಸಭೆಗಳಲ್ಲಿ ಹೇಳುತ್ತೇವೆ, ನೀವೂ ರಬ್ಬರ್ ಮ್ಯಾಟ್ ಹಾಸುತ್ತೀರಿ. ನಿಮ್ಮ ನಿದ್ದೆಯ ಲೆಕ್ಕವನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಹಾಗಾಗಿ ಹಸುವಿಗೆ ಎರಡನೇ ಕೈ ರೂಢಿ ಮಾಡಿಸಿ. ಯಜಮಾನರು, ಮಗ, ಸೊಸೆ, ಯಾರಾದರೂ ಒಬ್ಬರು. ಕರು ಹಾಕಿದ ಹೊಸದರಲ್ಲಿ ಬೇಡ, ಹಾಲು ತುಸು ಇಳಿದ ಮೇಲೆ ಶುರು ಮಾಡಿದರೆ ನಷ್ಟ ಕಡಿಮೆ. ಮೊದಲ ಮೂರ್ನಾಲ್ಕು ದಿನ ಅವರು ಹಿಂಡಿ ಇಟ್ಟು, ಮೈ ಉಜ್ಜಿ, ನೀವು ಕರೆಯುವಾಗ ಪಕ್ಕದಲ್ಲಿ ನಿಂತಿರಲಿ. ಆಮೇಲೆ ಕೆಚ್ಚಲು ತೊಳೆಯುವುದು ಅವರ ಕೆಲಸ. ಮುಂದೆ ಎರಡು ಮೊಲೆ ನೀವು, ಎರಡು ಅವರು. ಜಾಗ, ಹೊತ್ತು, ಪಾತ್ರೆ ಯಾವುದೂ ಬದಲಾಗಬಾರದು. ಹೆಬ್ಬೆರಳು ಮಡಚಿ ಹಿಂಡದೆ ಮುಷ್ಟಿಯಲ್ಲಿ ಹಿಡಿದು ಕರೆಯುವುದನ್ನು ಕಲಿಸಿ, ಮೊಲೆ ನೋಯಿಸಿದರೆ ಪಟ್ಟ ಶ್ರಮವೆಲ್ಲ ಹಾಳು. ಕೆಲವು ದಿನ ಹಾಲು ಕಡಿಮೆ ಬರಬಹುದು, ಕರೆಯುವವರ ಮೇಲೆ ರೇಗಬೇಡಿ. ‘ಗಂಡಸರು ಕೂತರೆ ಕೊಡಲ್ಲ’ ಎಂಬುದನ್ನು ನಾನು ಒಪ್ಪುವುದಿಲ್ಲ. ಹಸುವಿಗೆ ಗೊತ್ತಿರುವುದು ರೂಢಿಯ ಕೈ ಮತ್ತು ಹೊಸ ಕೈ, ಅಷ್ಟೇ.

ಕೈ ಕುದುರಿದ ಮೇಲೆ ವಾರದಲ್ಲಿ ಎರಡು ಸಂಜೆ ಪೂರ್ತಿ ಅವರಿಗೇ ಬಿಡಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಲು ಕೂರಬೇಡಿ, ಮಲಗಿ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗಬ್ಬದ ಹಸುಗಳ ವಿಚಾರ. ಬಟವಾಡೆ ಕಡಿಮೆಯಾಗುತ್ತದೆಂದು ಎಂಟನೇ ತಿಂಗಳಲ್ಲೂ ಎರಡು ಲೀಟರಿಗಾಗಿ ಕರೆಯುವವರಿದ್ದಾರೆ. ಕರು ಹಾಕುವ 60 ದಿನ ಮೊದಲೇ ಬತ್ತಿಸಿ. ಹೊಟ್ಟೆಯ ಕರು ಹೆಚ್ಚು ಬೆಳೆಯುವುದು ಆಗಲೇ, ಕೆಚ್ಚಲು ಮುಂದಿನ ಸೂಲಿಗೆ ಸಿದ್ಧವಾಗುವುದೂ ಆಗಲೇ. ಬಿಡುವು 40 ದಿನಕ್ಕಿಂತ ಕಡಿಮೆಯಾದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ. ಬತ್ತಿಸುವ ಮುನ್ನ ಕೆಚ್ಚಲು ಬಾವಿನ ಪರೀಕ್ಷೆ ಮಾಡಿಸಿ, ಕೊನೆಯ ಬಾರಿ ಕರೆದಾದ ಮೇಲೆ ಮೊಲೆಗೆ ಔಷಧಿ ಟ್ಯೂಬ್ ಬೇಕೇ ಎಂದು ನಿಮ್ಮ ಪಶುವೈದ್ಯರನ್ನು ಕೇಳಿ. ಒಂದೇ ಹಸು ಇರುವ ಮನೆಯಾದರೆ ತವರಿಗೆ ಹೋಗಿಬರಲು ಆ ಎರಡು ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಹುಲ್ಲು ನೀರು ಹಾಕಲು ಹಸು ಯಾರ ಕೈಯನ್ನೂ ಬೇಡ ಎನ್ನುವುದಿಲ್ಲ.